ಎತ್ತಿದ ಕೈ

ಶವದ ಗಾಡಿಯ ಡ್ರೈವರ್ ಹಿಂಬಾಗಿಲು ತೆರೆದಿಟ್ಟು, "ಎತ್ತೋಕೆ ನಾಲ್ಕು ಜನ ಬೇಕಲ್ಲಮ್ಮಾ" ಎಂದಾಗ ದರ್ಜಿಯ ಹೆಂಡತಿ ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ ದಾರಿ ಮಾಡುತ್ತಿದ್ದಳು. ಗಂಡನನ್ನು ಅಂಗಡಿಯ ಕೋಣೆಯಲ್ಲೇ, ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಮಲಗಿಸಿದ್ದರು. ಬೆಳಿಗ್ಗೆಯಿಂದ ಅವಳ ಕಾಲು ಒಂದು ಕಡೆ ನಿಂತಿರಲಿಲ್ಲ. ಬಾಗಿಲಿಗೆ ಬಂದು ಬೀದಿ ನೋಡುವುದು, ಒಳಗೆ ಹೋಗುವುದು, ಮತ್ತೆ ಬಾಗಿಲು.

"ಅಕ್ಕಾ, ಒಂದು ಗಳಿಗೆ ಸುಮ್ನಿರು," ಎಂದ ತಮ್ಮ. "ಬರೋರು ಬರ್ತಾರೆ."

"ಯಾರು ಬರ್ತಾರೆ? ನೀನೊಬ್ಬ ಇದ್ದೀಯ. ಉಳಿದವರನ್ನ ಎಲ್ಲಿಂದ ತರ್ಲಿ?"

ಬೀದಿಯ ಹೆಂಗಸರು ಇಬ್ಬರು ಮೂವರು ಬಂದು ಮುಖ ತೋರಿಸಿ ಹೋಗಿದ್ದರು. ಗಂಡಸರು ಎದುರುಮನೆಯ ಮೆಟ್ಟಿಲ ಬಳಿ ನಿಂತಿದ್ದರು. ರಸ್ತೆ ದಾಟಿ ಈಚೆ ಬಂದಿರಲಿಲ್ಲ. ಸಿಟ್ಟು ಹಳೆಯದು. ದರ್ಜಿ ಒಂದೇ ಒಂದು ಸಲ ನಗರಸಭೆಗೆ ಆರಿಸಿ ಹೋಗಿದ್ದ. ಕಳಿಸಿದ್ದು ಇದೇ ಬೀದಿ. ಊರಿನ ಹೊಸ ನಕ್ಷೆಯಲ್ಲಿ ಆಟದ ಮೈದಾನವನ್ನು ಬಸ್ ಡಿಪೋ ಮಾಡುವ ಪ್ರಸ್ತಾಪ ಬಂದಾಗ, ಬೇಡ ಎನ್ನುತ್ತೇನೆಂದು ಮಾತು ಕೊಟ್ಟು ಹೋದವನು ಬೇಕೆಂದು ಕೈ ಎತ್ತಿ ಬಂದ. ಆ ಒಂದು ಕೈಯಿಂದಲೇ ಮೈದಾನ ಹೋಯಿತು. ಹೊಲಿಗೆಯಲ್ಲಿ ಅವನದು ಎತ್ತಿದ ಕೈ ಎನ್ನುತ್ತಿದ್ದವರೇ ಆಮೇಲೆ ಅದೇ ಮಾತನ್ನು ಬೇರೆ ರಾಗದಲ್ಲಿ ಎಳೆಯತೊಡಗಿದರು. ಚೆನ್ನಾಗಿ ತಿಂದಿದ್ದಾನೆ ಎಂದರು. ಬಟ್ಟೆ ಕೊಡುವುದು ಬಿಟ್ಟರು. ಹೊಟ್ಟೆಪಾಡಿಗೆ ಅವನು ಡಿಪೋದವರ ಸಮವಸ್ತ್ರ ಹೊಲಿಯಲು ಕೂತಾಗ, 'ನಾವು ಹೇಳಲಿಲ್ವಾ' ಎಂದು ಹುಬ್ಬು ಹಾರಿಸಿದರು.

ಬೀದಿಯ ತುದಿಯಲ್ಲಿ ಬಸ್ಸೊಂದು ಬಂದು ನಿಂತಿತು. ಡ್ರೈವರುಗಳು, ಕಂಡಕ್ಟರುಗಳು ಒಬ್ಬರ ಹಿಂದೊಬ್ಬರು ಇಳಿದರು. ಅವರ ಒಂದೊಂದು ಅಂಗಿಯ ಕಾಲರೂ ಅವಳಿಗೆ ಗೊತ್ತಿತ್ತು. ಗುಂಡಿ ಹಾಕಿದವಳೇ ಅವಳು. ಬಂದವರು ಮೇಜಿನ ಸುತ್ತ ನಿಂತರು. ಅಷ್ಟರಲ್ಲಿ ಎದುರುಗಡೆಯಿಂದ ಡ್ರಿಲ್ ಮೇಷ್ಟ್ರು ಸರಸರನೆ ರಸ್ತೆ ದಾಟಿ ಬಂದರು. ಮೈದಾನದಲ್ಲಿ ಬೀದಿಯ ಮಕ್ಕಳಿಗೆಲ್ಲ ಚೆಂಡಾಟ ಕಲಿಸಿದವರು. ದರ್ಜಿಯ ಜೊತೆ ಅಲ್ಲೇ ಆಡಿ ಬೆಳೆದವರು. ಮೈದಾನ ಹೋದ ದಿನದಿಂದ ಅವನೊಡನೆ ಮಾತು ಬಿಟ್ಟವರು.

"ತಲೆ ಕಡೆ ನಾನು ಹಿಡೀತೀನಿ," ಎಂದರು, ಯಾರ ಮುಖವನ್ನೂ ನೋಡದೆ.

*

ಮೈದಾನದ ತೀರ್ಮಾನವಾದ ಆ ಸಂಜೆ ದರ್ಜಿ ಸಭೆಯಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ತನಕ ನಡೆದಿದ್ದ.

"ಎಡವಟ್ಟಾಯ್ತು ಕಣೇ."

ಅವನ ಎಡಗಿವಿ ಚಿಕ್ಕಂದಿನಿಂದ ಮಂದ. ಸಭೆಯಲ್ಲಿ ಗೋಡೆಗೆ ನಕ್ಷೆ ತೂಗುಹಾಕಿ ಎಂಜಿನಿಯರು ಕೋಲು ಆಡಿಸುತ್ತಿದ್ದರಂತೆ. ಹಸಿರು ಬಳಿದದ್ದು ಮೈದಾನ, ಅದರ ಬಣ್ಣ ಬದಲಾಯಿಸಬೇಕೋ ಬೇಡವೋ ಎಂದು ಸದಸ್ಯರೆಲ್ಲ ಒಟ್ಟಿಗೆ ಅರಚುತ್ತಿದ್ದರಂತೆ. ಅಧ್ಯಕ್ಷರು ಏನೋ ಹೇಳಿದರು. ಇವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಎನ್ನಲು ಕೈ ಎತ್ತಿದ. ಅಧ್ಯಕ್ಷರು ಆ ಕೈಯನ್ನೂ ಸೇರಿಸಿ ಎಣಿಸಿ, "ಬಹುಮತ, ಅಂಗೀಕಾರ" ಎಂದುಬಿಟ್ಟರು. ಇವನು ಬಾಯಿ ತೆರೆಯುವಷ್ಟರಲ್ಲಿ ಚರಂಡಿಯ ವಿಷಯ ಶುರುವಾಗಿತ್ತು.

"ಬೆಳಿಗ್ಗೆ ಎದ್ದು ಹೋಗಿ ಹೇಳಿ ರೀ. ಕೇಳಿಸಲಿಲ್ಲ, ಹೀಗಾಯ್ತು ಅಂತ."

"ಕೇಳಿಸಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಜನರ ಮಾತು ಕೇಳಿಸ್ಕೋ ಅಂತ ತಾನೇ ಕಳಿಸಿದ್ದು."

"ಮೇಷ್ಟ್ರಿಗಾದ್ರೂ ಹೇಳಿ."

"ತಿಂದ ಅಂತ ಬೈದ್ರೆ ಬೈಸ್ಕೋತೀನಿ. ಇದು ಗೊತ್ತಾದ್ರೆ ನಗ್ತಾರೆ ಕಣೇ. ಸಾಯೋತನಕ ನಗ್ತಾರೆ."

ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಮೈದಾನಕ್ಕೆ ಬುಲ್ಡೋಜರ್ ಬಂತು.

*

ಚಿತಾಗಾರದ ಹೊರಗಿನ ಮೊಗಸಾಲೆಯಲ್ಲಿ ಬೆಂಚಿತ್ತು. ತಮ್ಮ ಒಳಗೆ ಸಹಿ ಹಾಕುತ್ತಿದ್ದ. ದರ್ಜಿಯ ಹೆಂಡತಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು.

"ಅತ್ತಿಗೆ," ಎಂದರು ಮೇಷ್ಟ್ರು. ಆ ಕರೆ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. "ಬೇಜಾರು ಮಾಡ್ಕೋಬೇಡಿ. ಯಾಕೆ ಹಾಗೆ ಮಾಡಿದ ಅವನು? ದುಡ್ಡಿನ ಆಸೆ ಅವನಿಗಿರಲಿಲ್ಲ, ನನಗೆ ಗೊತ್ತು. ಅದಕ್ಕೇ ತಲೆ ಕೆಡುತ್ತೆ."

ಇನ್ನು ಯಾರಿಗಾಗಿ ಮುಚ್ಚಿಡಲಿ ಎನ್ನಿಸಿತು ಅವಳಿಗೆ. ನಿಂತಲ್ಲೇ ಹೇಳಿಬಿಟ್ಟಳು.

ಮೇಷ್ಟ್ರು ಬೆಂಚಿನ ಮೇಲೆ ಕೂತರು. "ಎಡಗಿವಿ," ಎಂದರು ಆಮೇಲೆ. "ಆಟದಲ್ಲಿ ಆ ಕಡೆಯಿಂದ ಕೂಗಿದ್ರೆ ತಿರುಗ್ತಾನೇ ಇರಲಿಲ್ಲ. ದಿನಾ ಎದುರಿಗೆ ಸಿಕ್ತಿದ್ದ ಅತ್ತಿಗೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ನಗ್ತಿದ್ರಿ."

"ಇಲ್ಲ..." ಎಂದವರು ತಡೆದರು. "ನಗ್ತಿದ್ದೆ."

ಬಸ್ಸಿನಲ್ಲಿ ಬಂದಿದ್ದ ಕಂಡಕ್ಟರ್ ಹೆಂಗಸೊಬ್ಬಳು ಹತ್ತಿರ ಬಂದು ದರ್ಜಿಯ ಹೆಂಡತಿಯ ಕೈ ಹಿಡಿದಳು.

"ಅಮ್ಮಾ, ನಾವು ಆಚೆ ಬಡಾವಣೆಯವರು. ಡಿಪೋ ಆಗೋ ಮುಂಚೆ ನಮ್ಮ ಕಡೆ ಒಂದು ಬಸ್ಸೂ ಇರಲಿಲ್ಲ. ನಮ್ಮಮ್ಮ ಆಸ್ಪತ್ರೆ ಮುಟ್ಟೋ ಮೊದಲೇ ದಾರೀಲಿ ಹೋಗಿಬಿಟ್ರು. ಇಡೀ ಬೀದಿ ಎದುರು ನಿಂತ್ರೂ ಇವರು ನಮಗೋಸ್ಕರ ಕೈ ಎತ್ತಿದ್ರಂತೆ. ಒಂದು ಸಲ ಅಳತೆ ಕೊಡೋವಾಗ ಕೇಳಿದೆ. ಏನೂ ಹೇಳದೆ ಟೇಪು ಸುತ್ತಿಟ್ರು."

ಹೆಂಗಸು ಮೇಷ್ಟ್ರ ಕಡೆ ತಿರುಗಿದಳು. "ಸರ್, ನೀವು ಇವರ ಸ್ನೇಹಿತರಾ? ಅವತ್ತು ಸಭೆ ನೋಡಿದ್ರಾ?"

"ನೋಡಿದೆ. ಹಿಂದಿನ ಸಾಲಲ್ಲಿ ಕೂತಿದ್ದೆ."

"ನಿಜವಾಗ್ಲೂ ಇವರೊಬ್ಬರ ಕೈಯಿಂದಾನೇ ಆಯ್ತಾ?"

ದರ್ಜಿಯ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹೌದಮ್ಮ. ನೆಟ್ಟಗೆ ಎತ್ತಿದ. ಎಲ್ಲರಿಗೂ ಕಾಣೋ ಹಾಗೆ."

ಎಲ್ಲ ಮುಗಿಯುವಷ್ಟರಲ್ಲಿ ಶವದ ಗಾಡಿ ಇನ್ನೊಂದು ಮನೆಗೆ ಹೊರಟುಹೋಗಿತ್ತು. ವಾಪಸು ಹೋಗಲು ಉಳಿದದ್ದು ಡಿಪೋದ ಬಸ್ಸು. ದರ್ಜಿಯ ಹೆಂಡತಿ ತಮ್ಮನ ಜೊತೆ ಹತ್ತಿ ಕಿಟಕಿಯ ಪಕ್ಕ ಕೂತಳು. ಮೇಷ್ಟ್ರು ಕೆಳಗೇ ನಿಂತಿದ್ದರು. ಡಿಪೋ ಆದಾಗಿನಿಂದ ಅವರು ಈ ಬಸ್ಸುಗಳನ್ನು ಹತ್ತಿದವರಲ್ಲ. ಎಷ್ಟು ದೂರವಿದ್ದರೂ ಸೈಕಲ್ಲೇ. ಇವತ್ತು ಬಂದದ್ದು ಶವದ ಗಾಡಿಯಲ್ಲಿ.

"ಬನ್ನಿ ಸರ್, ಜಾಗ ಇದೆ," ಎಂದಳು ಕಂಡಕ್ಟರ್.

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಕಿಟಕಿಯ ಗಾಜು ಗಡಗಡ ಅದುರಿತು. ಮೇಷ್ಟ್ರು ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಿದ್ದರು. ಇನ್ನೊಂದು ಕಾಲು ನೆಲದ ಮೇಲೇ ಇತ್ತು.