ಬಾಟಲಿಯೊಳಗಿನ ಚಿಟಿಕೆ ವಿಭೂತಿ

ರೈಲು ಮನ್ಮಾಡ್ ದಾಟಿದ ಮೇಲೆ ಸೊಸೆ ವೈಷ್ಣವಿ ಬುತ್ತಿ ಬಿಚ್ಚಿದಳು. ವಿಶ್ವನಾಥಪ್ಪನವರು ರೊಟ್ಟಿಯನ್ನು ಹಾಗೇ ತಿರುಗಿ ಬುತ್ತಿಯಲ್ಲಿಟ್ಟರು. ಅವರ ತೊಡೆಯ ಮೇಲಿನ ಚೀಲದಲ್ಲಿ ಎಂಜಿನ್ ಆಯಿಲ್ ತುಂಬಿದ ಗಾಜಿನ ಬಾಟಲಿ ಇತ್ತು. ಬೀದರಿನಿಂದ ಬಂದು ನಾಶಿಕದಲ್ಲಿ ಆಯಿಲ್ ಅಂಗಡಿ ಇಟ್ಟು ಗಳಿಸಿದ ಹೆಸರೆಲ್ಲ ಈಗ ಆ ಬಾಟಲಿಯೊಳಗಿತ್ತು.

ವೈಜನಾಥನೆಂಬ ಲಾರಿ ಮಾಲೀಕ ಅವರಲ್ಲಿ ಆಯಿಲ್ ಹಾಕಿಸಿಕೊಂಡು ದ್ರಾಕ್ಷಿ ಹೇರಿಕೊಂಡು ಹೊರಟಿದ್ದ. ಇಗತಪುರಿ ಘಾಟಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಡ್ರಮ್ಮಿನ ಮೇಲೆ ಬರೆದ ದರ್ಜೆ ಒಳಗಿನ ಆಯಿಲಿಗಿಲ್ಲ ಎಂದು ಅವನ ವಾದ. ಲಾರಿಯವನೇ ಏನೋ ಬೆರೆಸಿದ್ದಾನೆ ಎಂದು ಆಯಿಲ್ ತಯಾರಿಸಿದ ಕಂಪನಿಯ ವಾದ. ವಿಶ್ವನಾಥಪ್ಪನವರೂ ಕಂಪನಿಯ ಮಾತನ್ನೇ ಆಡಿದ್ದರು. ಹೊಸ ಮಾಲು ಬಂದಾಗಲೆಲ್ಲ ಮೊದಲ ಡ್ರಮ್ಮಿನಿಂದ ಒಂದು ಬಾಟಲಿ ತುಂಬಿಸಿ, ಮುಚ್ಚಳಕ್ಕೆ ಅರಗು ಹಾಕಿ ಅಂಗಡಿಯ ದೇವರ ಗೂಡಿನಲ್ಲಿ ಇಡುವುದು ಅವರ ಪದ್ಧತಿ. ಆ ಮಾಲಿನ ಬಾಟಲಿಯನ್ನೇ ಛತ್ರಪತಿ ಸಂಭಾಜಿನಗರದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೆಂದು ಕಡೆಗೆ ಎಲ್ಲರೂ ಒಪ್ಪಿದರು.

"ಅತ್ತಿ ಆಶೀರ್ವಾದ ಅದ ಮಾಮಾ, ಟೆನ್ಶನ್ ಘೇಊ ನಕಾ, ಚಿಂತಿ ಮಾಡಬ್ಯಾಡ್ರಿ" ಎಂದಳು ಸೊಸೆ. ನಾಶಿಕದಲ್ಲೇ ಬೆಳೆದವಳು, ಕನ್ನಡ ಸಾಲದಾದಲ್ಲಿ ಮರಾಠಿ ಬಂದು ಕೂಡುತ್ತಿತ್ತು. "ಅತ್ತಿ ಹ್ಯಾಂಗ ಮಾಡ್ತಿದ್ರೋ ಹಂಗ ಮಾಡೀನಿ. ಹೊರಗ ಮೂರು ಗೆರಿ, ಒಳಗ ಒಂದು ಚಿಟಿಕಿ."

"ಒಳಗ ಅಂದ್ರ?"

"ಆಯಿಲ್‌ದಾಗ ವಿಭೂತಿ. ಆಮ್ಯಾಲ ಮುಚ್ಚಳ."

ವಿಶ್ವನಾಥಪ್ಪನವರು ಬಾಟಲಿಯನ್ನು ತೆಗೆದು ಓರೆ ಮಾಡಿದರು. ತಳದಲ್ಲಿ ಬಿಳಿಯ ಗೆರೆಯೊಂದು ಮೆಲ್ಲಗೆ ಸರಿಯಿತು. ಬಾಟಲಿ ತುಂಬುವುದು ಮೊದಲಿನಿಂದಲೂ ಹೆಂಡತಿ ಪ್ರೇಮಾಬಾಯಿಯ ಕೆಲಸ. ಅರಗು ಹಾಕುವುದಷ್ಟೇ ಅವರದು. ಹೋದ ಶ್ರಾವಣಕ್ಕೆ ಮುಂಚೆ ಆಕೆ ಶಿವನ ಪಾದ ಸೇರಿದ ಮೇಲೆ ತುಂಬುವ ಕೆಲಸ ಸೊಸೆಗೆ ಬಂದಿತ್ತು. ಪ್ರೇಮಾಬಾಯಿ ಬದುಕಿರುವತನಕ ಈ ಚಿಟಿಕೆಯ ಮಾತು ಎತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಆಯಿಲ್ ಸುಟ್ಟು, ಉಳಿದ ಬೂದಿಯನ್ನು ತೂಗುತ್ತಾರೆ, ಬೂದಿ ಹೆಚ್ಚಾದರೆ ದರ್ಜೆ ಇಲ್ಲ; ವಿಭೂತಿಯೂ ಬೂದಿಯೇ. ಅಷ್ಟು ಅವರಿಗೆ ಗೊತ್ತಿತ್ತು. ಹಾಗೆಂದು ಹೇಳಿದಾಗ ವೈಷ್ಣವಿಯ ಮುಖ ಸಣ್ಣದಾಯಿತು. ಆಚೀಚೆ ನೋಡಿ ದನಿ ತಗ್ಗಿಸಿದಳು.

"ನಾವು ಇಳಿಯೂ ಸ್ಟೇಷನ್ ಎದುರಿಗೆ ಇದೇ ಕಂಪನಿ ಅಂಗಡಿ ಅದ ಮಾಮಾ. ಬ್ಯಾರೆ ಆಯಿಲ್ ತುಂಬೂಣು. ಅರಗು ನಾ ಹಚ್ತೀನಿ. ಯಾರಿಗಿ ತಿಳೀತದ?"

ದೌಲತಾಬಾದಿನ ಕೋಟೆ ಕಿಟಕಿಯಲ್ಲಿ ಬಂದು ಹೋಯಿತು. ವಿಶ್ವನಾಥಪ್ಪನವರು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತರೂ ಮಂತ್ರ ನಡುನಡುವೆ ತಪ್ಪುತ್ತಿತ್ತು. ಹೇಳಿದರೆ ಮುದುಕ ದೇವರ ನೆಪ ತೆಗೆದ ಎನ್ನುತ್ತಾರೆ. ಹೇಳದಿದ್ದರೆ ಬೂದಿ ಹೆಚ್ಚಾಗಿ, ಪ್ರೇಮಾಬಾಯಿಯ ಭಕ್ತಿಯೇ ಆಯಿಲನ್ನು ಕೆಡಿಸಿದಂತಾಗುತ್ತದೆ. ಬದಲಿಸಿದರೆ ನಾಳೆ ಆ ಗೂಡಿನ ಮುಂದೆ ನಿಲ್ಲುವುದು ಹೇಗೆ? ರೈಲು ಇಳಿದವರು ಎದುರಿನ ಅಂಗಡಿಯ ಕಡೆ ನೋಡದೆ ರಿಕ್ಷಾ ಹತ್ತಿದರು.

ಪ್ರಯೋಗಾಲಯದಲ್ಲಿ ವೈಜನಾಥ ಮೊದಲೇ ಬಂದು ಕೂತಿದ್ದ. ಪರೀಕ್ಷೆ ಮಾಡುವ ಸರೋಜಿನಿ ಕಲಬುರಗಿ ಕಡೆಯ ಹೆಣ್ಣುಮಗಳು. ವಿಶ್ವನಾಥಪ್ಪನವರು ಬಾಟಲಿಯನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ವೈಜನಾಥ ನಕ್ಕುಬಿಟ್ಟ. "ಚಲೋ ಆತು ಕಾಕಾ. ಲಾರಿಯವ ಬೆರಸ್ಯಾನ ಅಂದ್ರಿ. ಈಗ ನೋಡಿದ್ರ ದೇವರ ಬೆರಸ್ಯಾನ."

"ವಿಭೂತಿ ಆಯಿಲ್‌ದಾಗ ಕರಗೂದಿಲ್ರಿ, ಸೋಸಿ ನೋಡ್ತೀನಿ" ಎಂದಳು ಸರೋಜಿನಿ. "ಆದ್ರ ವಿಭೂತಿ ಇತ್ತು ಅಂತ ಬರೀಬೇಕಾಗ್ತದ."

"ಬರೀರಿ."

"ಸೋಸಿದ್ದು ಪಾಸಾದ್ರ ನಾ ಒಪ್ಪಬೇಕೇನು?" ಎಂದ ವೈಜನಾಥ.

"ಮೊದಲ ಪಾಸಾಗ್ಲಿ, ಆಮ್ಯಾಲ ಜಗಳಾಡ್ರಿ" ಎಂದು ಆಕೆ ಒಳಗೆ ಹೋದಳು.

ವಿಶ್ವನಾಥಪ್ಪನವರು ಬೆಂಚಿನ ತುದಿಯಲ್ಲಿ ಕೂತರು. ಬೂದಿಯೊಂದು ಕಡಿಮೆ ಬರಲಿ ಶಿವನೇ, ಮತ್ತೇನೂ ಬೇಡೆನು ಎಂದು ಬೇಡಿಕೊಂಡರು. ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಂತರು. ಹೊತ್ತು ಇಳಿಯುವಾಗ ಸರೋಜಿನಿ ಹೊರಗೆ ಬಂದಳು.

"ಬೂದಿ ಸರಿ ಅದರಿ."

ಅವರು ಕಣ್ಣು ಮುಚ್ಚಿದರು.

"ಆದ್ರ ಸತು ಇರಬೇಕಾದ್ದರ ಅರ್ಧಾನೂ ಇಲ್ಲ. ಎಂಜಿನ್ ಸವೀದಂಗ ಕಾಯೂದು ಅದ ನೋಡ್ರಿ. ಡ್ರಮ್ಮಿನ ಮ್ಯಾಲಿನ ದರ್ಜಾ ಈ ಆಯಿಲ್‌ಗಿಲ್ಲ."

"ವಿಭೂತಿಯಿಂದ?" ವೈಷ್ಣವಿ ಎದ್ದು ಬಂದಳು.

"ವಿಭೂತಿ ಏನರ ಕೂಡಿಸೀತು ಯವ್ವಾ. ಕಳೀಲಿಕ್ಕಿ ಅದಕ್ಕ ಬರೂದಿಲ್ಲ. ಇದು ಕಂಪನಿ ಕೆಲಸ."

ವಿಶ್ವನಾಥಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪ್ರೇಮಾಬಾಯಿ ನಿರಪರಾಧಿ, ಆಕೆಯ ಪದ್ಧತಿಯಂತೆ ಸೊಸೆ ವಿಭೂತಿ ಇಟ್ಟ ಮಾಲೇ ಪೊಳ್ಳು. ವೈಜನಾಥ ಈ ಸಲ ನಗಲಿಲ್ಲ. "ಕಾಕಾ, ನಿಮಗೂ ಗೊತ್ತಿರಲಿಲ್ಲ ಬಿಡ್ರಿ" ಎಂದ. ನಕ್ಕಿದ್ದರೇ ವಾಸಿಯಿತ್ತು ಎನಿಸಿತು ಅವರಿಗೆ.

"ನಿಂದ ಖರೇ ಇತ್ತಪ್ಪಾ. ನಾ ತಪ್ಪಾಡೀನಿ" ಎಂದರು. ಆಮೇಲೆ ಏನೋ ಹೊಳೆದವರಂತೆ ಅವಸರದಲ್ಲಿ ಅಂಗಡಿಯಲ್ಲಿದ್ದ ಮಗನಿಗೆ ಫೋನ್ ಹಚ್ಚಿದರು.

"ಮಲ್ಲಿನಾಥ, ಆ ಡ್ರಮ್ಮಿಗೋಳು ಬಂದ್ ಮಾಡು. ಆ ಮಾಲು ಯಾರ್ಯಾರು ಹಾಕಿಸ್ಯಾರ, ಎಲ್ಲಾರಿಗೂ ಫೋನ್ ಮಾಡು. ಆಯಿಲ್ ಬದಲಿಸೂತನಾ ಘಾಟ್ ಹತ್ತಬ್ಯಾಡ್ರಿ ಅನ್ನು."

"ಅಪ್ಪಾ, ಅಂಗಡಿ ಹೆಸರು ಉಳೀತದೇನು?"

"ಮೊದಲ ಫೋನ್ ಮಾಡು."

ಸ್ವಲ್ಪ ಹೊತ್ತಿಗೆ ಮಲ್ಲಿನಾಥ ತಿರುಗಿ ಮಾಡಿದ. ಎಲ್ಲರೂ ಸಿಕ್ಕರು, ಸಂಗಮನಾಥನೆಂಬ ಲಾರಿಯವನೊಬ್ಬ ಮಾತ್ರ ಫೋನ್ ಎತ್ತುತ್ತಿಲ್ಲ; ಮುಂಬಯಿಗೆ ಹೇರು ಹಾಕಿಕೊಂಡು ಈಗ ಸ್ವಲ್ಪ ಮುಂಚೆ ಇಗತಪುರಿ ದಾರಿ ಹಿಡಿದಿದ್ದಾನೆ ಎಂದ.

"ಅವನ ಕ್ಲೀನರ್‌ದು ನಂಬರ್ ನನ್ನ ಹಂತ್ಯಾಕ ಅದ ಕಾಕಾ, ತಡೀರಿ" ಎಂದ ವೈಜನಾಥ.

ಅವನ ಫೋನಿನಲ್ಲಿ ರಿಂಗಾಗತೊಡಗಿತು. ವಿಶ್ವನಾಥಪ್ಪನವರು ಲಿಂಗವನ್ನು ಹಿಡಿದು, ಅವನ ಕಿವಿಯ ಹತ್ತಿರ ತಮ್ಮ ಕಿವಿಯನ್ನೂ ತಂದು ನಿಂತರು.