ಎರಡು ಬೆರಳು ಕುಂಕುಮ

ಹಿಟ್ನಾಳದ ಹೊರಗಿನ ಗುಡ್ಡದ ನೆತ್ತಿಯಲ್ಲಿ ಸರ್ವೆಯವರು ಎಂದೋ ನೆಟ್ಟುಹೋದ ಮೊಳದುದ್ದದ ಕಲ್ಲಿತ್ತು. ಊರವರಿಗೆ ಅದು ಗುಡ್ಡದವ್ವ. ಎಣ್ಣೆ, ಕುಂಕುಮ ಮೆತ್ತಿ ಮೆತ್ತಿ ಅದರ ತಲೆ ಕೆಂಪು ಮುದ್ದೆಯಂತಾಗಿತ್ತು.

೧೯೪೧ರ ಬೇಸಿಗೆಯಲ್ಲಿ ಅದರ ಎತ್ತರವನ್ನು ಮತ್ತೆ ಅಳೆಯಲು ಸರ್ವೆ ಮುನ್ಶಿ ಕಳಕಪ್ಪ ಬಂದ. ಅಳತೆಕೋಲು ಹೊತ್ತು ನೂರಸಾಬ ಹಿಂದೆ ಬಂದ. ಕುಂಕುಮ ಕಂಡದ್ದೇ ಕಳಕಪ್ಪ, ಅಳತೆ ಹೆಚ್ಚಾದೀತೆಂದು, ಅದನ್ನು ಕೆರೆಯಲು ಉಳಿ ತೆಗೆದ. ಮುದುಕಿ ಮಾರೆವ್ವ ಕಲ್ಲಿಗೆ ಅಡ್ಡ ಕೂತಳು. ಕೆಳಗೆ ಮನೆಯಲ್ಲಿ ಮಗಳು ಮಾಳವ್ವನಿಗೆ ಬೆಳಗಿನಿಂದ ಬೇನೆ. ಹೆರಿಗೆಯಾಗುವ ತನಕ ಗುಡ್ಡದವ್ವನ ಕುಂಕುಮ ಅಳಿಯಬಾರದು. ಮೊದಲ ಕೂಸಂತೂ ಉಳಿದಿರಲಿಲ್ಲ.

"ಏಳಬೇ ಯವ್ವಾ. ಇದು ದೇವ್ರಲ್ಲ, ಸರ್ಕಾರದ ಕಲ್ಲು."

"ಸರ್ಕಾರ ನಟ್ಟು ಹೋತು. ಎಣ್ಣಿ ಹಾಕಿ ನೋಡಿಕೊಂಡವ್ರು ನಾವು. ಮೊದಲ ಬೂಟ್ ಬಿಚ್ರಿ."

ಕಳಕಪ್ಪನಿಗೆ ರೇಗಿತು. ದೊಡ್ಡ ಅಳತೆಗಳ ಸಂಗತಿ ಹೇಳಿ ಅವಳ ಬಾಯಿ ಮುಚ್ಚಿಸಲು ಹೊರಟ.

"ಇಂಥಾ ಕಲ್ಲಿನಿಂದ ಕಲ್ಲಿಗೆ ಅಳಕೋತ ಹೋಗೇ ಹಿಮಾಲಯ ಮುಟ್ಟಿದ್ದು, ಗೊತ್ತೇನು? ಮೊದಲ ಕಾಂಚನಗಂಗಾನ ಎಲ್ಲಾದಕ್ಕೂ ದೊಡ್ಡ ಗುಡ್ಡ ಅಂತಿದ್ರು. ಲೆಕ್ಕ ಹಾಕಿದ ಮ್ಯಾಲ ಎವರೆಸ್ಟ್ ದೊಡ್ಡದು ಅಂತ ತಿಳೀತು."

"ಎವರೆಸ್ಟ್ ಅಂದ್ರ ಯಾವ ದೇವ್ರು?"

"ದೇವ್ರಲ್ಲ. ನಮ್ಮ ಇಲಾಖೆದಾಗ ಹಿಂದ ಇದ್ದ ದೊಡ್ಡ ಸಾಹೇಬ."

"ಆ ಗುಡ್ಡ ಹತ್ತಿದ್ನೇನು?"

"ಅದನ್ನ ಹತ್ತಿ ಇಳದು ಬಂದವ್ರು ಇನ್ನೂ ಯಾರೂ ಇಲ್ಲ."

"ಹಂಗಾರ ಬುಡದಾಗಿನ ಮಂದಿ ಅದಕ್ಕೇನಂತಿದ್ರು? ಅವ್ರಿಗೆ ಬಾಯಿ ಇರಲಿಲ್ಲೇನು?"

ನೂರಸಾಬ ನಡುವೆ ಬಾಯಿ ಹಾಕಿದ. "ಟಿಬೆಟ್ಟಿನವ್ರು ಅದಕ್ಕ ಅವ್ವ ಅಂತಾರಂತ."

ಮಾರೆವ್ವನ ಕಣ್ಣು ಕೆಂಪಾದವು. "ಅವ್ವನ ಹೆಸರು ತಗದು ಸಾಹೇಬನ ಹೆಸರಿಟ್ರಿ. ಇಲ್ಲಿ ನಾವು ಅವ್ವ ಅಂದ್ರ ಉಳಿ ತಗೀತೀರಿ. ಹತ್ತಲಾರದ ಹೆಂಗ ಅಳದ್ರಿ?"

"ನೂರು ಮೈಲಿ ದೂರ ನಿಂತು, ದುರ್ಬೀನು ಹಚ್ಚಿ."

"ಮುಟ್ಟಲಾರದ?"

ಕಳಕಪ್ಪ ಜಂಬ ಬಿಡಲಿಲ್ಲ. "ಲೆಕ್ಕ ಬರಾಬರ್ ಇಪ್ಪತ್ತೊಂಬತ್ತು ಸಾವಿರ ಅಡಿ ಬಂತಂತ. ಮಂದಿ ಇದು ಅಂದಾಜಿನ ಲೆಕ್ಕ ಅಂದಾರು ಅಂತ ಎರಡಡಿ ಸೇರಿಸಿ ಬರದ್ರು ಅಂತ ಹೇಳ್ತಾರ."

ಮಾರೆವ್ವ ಎದ್ದು ನಿಂತಳು.

"ನೀವು ಎರಡಡಿ ಸುಳ್ಳು ಸೇರಿಸಿದ್ರ ಲೆಕ್ಕ. ನಾವು ಎರಡು ಬೆರಳು ಕುಂಕುಮ ಹಚ್ಚಿದ್ರ ತಪ್ಪು. ನೂರು ಮೈಲಿ ದೂರದಿಂದ ಅಳಿಯೋ ಮಂದಿಗೆ ಇದನ್ನ ಕಳದು ಬರಿಯಾಕ ಬರೂದಿಲ್ಲೇನು?"

"ಆಕಿ ಹೇಳೂದು ಖರೇನ ಐತ್ರಿ ಸಾಹೇಬ್ರ," ಎಂದ ನೂರಸಾಬ, ಮುಖ ಆಚೆ ತಿರುಗಿಸಿಕೊಂಡು. ಅವನ ಭುಜ ಕುಲುಕುತ್ತಿತ್ತು.

ಮಾರೆವ್ವ ಉದ್ದದೊಂದು ಜಾಲಿಮುಳ್ಳು ಮುರಿದು ತಂದಳು. "ತಪ್ಪಾತು ತಾಯಿ" ಎನ್ನುತ್ತ, ಕಲ್ಲು ತಾಗುವವರೆಗೆ ಅದನ್ನು ಕುಂಕುಮದೊಳಗೆ ಚುಚ್ಚಿದಳು. ಮುಳ್ಳಿಗೆ ಕೆಂಪು ಹತ್ತಿದಷ್ಟನ್ನು ಕಳಕಪ್ಪ ಅಳೆದುಕೊಂಡ. ಬೂಟು ಬಿಚ್ಚಿ, ಕಾದ ಬಂಡೆಯ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಅಳತೆ ಮುಗಿಸಿದ.

ಅಷ್ಟರಲ್ಲಿ ಸೂಲಗಿತ್ತಿ ರಾಜಾಬೀ ಕೆಳಗಿನಿಂದ ಕೂಗಿದಳು. ಹೆಣ್ಣು ಕೂಸು, ಇಬ್ಬರೂ ಛಲೋ ಅದಾರ.

ಕಳಕಪ್ಪ ಮತ್ತೆ ಉಳಿಗೆ ಕೈ ಹಾಕಿದ. "ಹೆರಿಗಿ ಆತಲ್ಲ. ಈಗರ ಕೆರೀಲೇನು?"

ಅರ್ಧ ಇಳಿದಿದ್ದ ಮಾರೆವ್ವ ತಿರುಗಿ ನಿಂತಳು.

"ಮೊದಲ ಆ ಗುಡ್ಡದ ಎರಡಡಿ ಕೆರದು ಬರ್ರಿ. ಆಮ್ಯಾಲ ಇದನ್ನ ನೋಡೂಣು."