ಹೂವಿನ ನಡುವೆ ಹೂಳು

ಕೋಲ್ಡ್ ರೂಮಿನ ಬಾಗಿಲು ತೆರೆದಾಗ ಎಂದಿನಂತೆ ಮುಖಕ್ಕೆ ತಣ್ಣನೆ ಗಾಳಿ ಬಡಿಯಲಿಲ್ಲ. ಅವಳು ದೀಪ ಹಾಕಿ ನೋಡಿದಳು. ಒಳಗೆ ಗೋಡೆಗೆ ಒರಗಿಸಿ ಕಟ್ಟಿದ್ದ ಒಂಬತ್ತು ಕೊಳವೆಗಳು ನೆಟ್ಟಗೇ ನಿಂತಿದ್ದವು. ಒಂದೊಂದೂ ತೋಳುದ್ದ, ಒಂದೊಂದರಲ್ಲೂ ಕೆರೆಯ ತಳದ ಹೂಳು, ಅದರ ಮೇಲೆ ಒಂದಿಷ್ಟು ನೀರು. ಮೇಲಿರಬೇಕಾದ ಯಂತ್ರದ ಗುಂಯ್ ಸದ್ದು ಮಾತ್ರ ಇರಲಿಲ್ಲ.

ಅವಳು ಕಾಲೇಜಿನ ಪ್ರಯೋಗಾಲಯದಲ್ಲಿ ನೀರು, ಮಣ್ಣು, ಹೂಳಿನ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದವಳು. ಮೊಣಕಾಲವರೆಗೆ ಬೂಟು ಹಾಕಿಕೊಂಡು, ಬಕೆಟ್ಟು ಹಿಡಿದು ಬಸ್ಸಿನಿಂದ ಇಳಿಯುವುದನ್ನು ನೋಡಿ ನೋಡಿ ಊರಿನವರು ಅವಳಿಗೆ ‘ಕೆಸರು ಮೇಡಂ’ ಎಂದು ಹೆಸರಿಟ್ಟಿದ್ದರು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಆ ಊರಿನ ನಲ್ಲಿಗಳಿಗೆಲ್ಲ ನೀರು ಬರುವುದು ಊರಾಚೆಯ ದೊಡ್ಡ ಕೆರೆಯಿಂದ. ಪ್ರತಿ ಬೇಸಿಗೆಯ ಕೊನೆಯಲ್ಲಿ ಆ ನೀರಿನಲ್ಲಿ ಪಾಷಾಣದ, ಅಂದರೆ ಆರ್ಸೆನಿಕ್ಕಿನ, ಅಂಶ ಏರುತ್ತಿತ್ತು. ಕುಡಿದ ಕೂಡಲೇ ಏನೂ ಆಗುವಷ್ಟಲ್ಲ, ಆದರೆ ವರ್ಷಗಟ್ಟಲೆ ಕುಡಿದರೆ ಮೈಗೆ ಒಳ್ಳೆಯದಲ್ಲ. ಎಲ್ಲಿಂದ ಬರುತ್ತಿದೆ ಎಂದು ಕೇಳಿದರೆ ಕೆಲವರು ಕಾರ್ಖಾನೆಯ ಕಡೆ ಬೆರಳು ಮಾಡುತ್ತಿದ್ದರು, ಕೆಲವರು ಹೊಲಕ್ಕೆ ಹೊಡೆಯುವ ಔಷಧಿಯ ಕಡೆ. ಅವಳಿಗೆ ಅನುಮಾನವಿದ್ದದ್ದು ಕೆರೆಯ ತಳದ ಮೇಲೆಯೇ. ಹೂಳಿನಲ್ಲಿರುವ ಕಬ್ಬಿಣದ ತುಕ್ಕು ಪಾಷಾಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ಕಾದು, ಕೆಳಗಿನ ತಣ್ಣೀರಿನೊಂದಿಗೆ ಬೆರೆಯುವುದನ್ನೇ ನಿಲ್ಲಿಸುತ್ತದೆ. ಆಗ ಆಮ್ಲಜನಕ ಸಿಗದೆ ತಳಕ್ಕೆ ಉಸಿರು ಕಟ್ಟುತ್ತದೆ, ತುಕ್ಕು ಕರಗುತ್ತದೆ, ಹಿಡಿತ ಸಡಿಲವಾಗಿ ಪಾಷಾಣ ನೀರಿಗೆ ಬೀಳುತ್ತದೆ. ಇದು ಅವಳ ಲೆಕ್ಕಾಚಾರ. ಇದನ್ನು ತೋರಿಸಿಕೊಡಬೇಕಾದರೆ ತಳ ಉಸಿರುಗಟ್ಟಿರುವ ಹೊತ್ತಿನಲ್ಲೇ ಹೂಳನ್ನು ಪದರ ಕೆಡದಂತೆ ತೆಗೆದು, ತಣ್ಣಗಿಟ್ಟು, ಗಾಳಿ ಸೋಕದ ಪೆಟ್ಟಿಗೆಯಲ್ಲಿ ಕತ್ತರಿಸಿ ಪರೀಕ್ಷಿಸಬೇಕು.

ಹೂಳನ್ನೇನೋ ಹಿಂದಿನ ದಿನ ತೆಗೆದದ್ದಾಗಿತ್ತು. ಪೆಟ್ಟಿಗೆ ಮಾತ್ರ ಇನ್ನೊಂದು ತಂಡದ ಕೈಯಲ್ಲಿತ್ತು, ಸಿಗುವುದು ಮೂರು ದಿನ ಬಿಟ್ಟು. ಇತ್ತ ಅದೇ ಸಂಜೆ ಎದ್ದ ಗಾಳಿಗೆ ಕೆರೆ ಅಡಿಮೇಲಾಗಿ ಕಲಕಿ, ತಳಕ್ಕೆ ಮತ್ತೆ ಉಸಿರು ಸಿಕ್ಕಿಹೋಗಿತ್ತು. ಈ ಕೊಳವೆಗಳು ಕೆಟ್ಟರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಮೆಕ್ಯಾನಿಕ್ ಬಂದು ಏಣಿ ಹತ್ತಿ ನೋಡಿ, ಇಳಿದು, ಕೈ ಒರೆಸಿಕೊಂಡ. “ಕಂಪ್ರೆಸರ್ ಹೋಗಿದೆ ಮೇಡಂ. ಹೊಸದು ತರಿಸ್ಬೇಕು. ವಾರ ಹಿಡಿಯುತ್ತೆ.”

“ಅಲ್ಲೀವರೆಗೂ?”

“ಅಲ್ಲೀವರೆಗೂ ಇದು ಬರೀ ರೂಮು.”

ಅವಳು ಫೋನು ಹಿಡಿದು ಕೂತಳು. ಮೀನಿನ ಗೋದಾಮಿನವರು ಧಾರಾಳವಾಗಿ ಬನ್ನಿ ಎಂದರು. ಆದರೆ ಅವರದು ಎಲ್ಲವನ್ನೂ ಕಲ್ಲಿನಂತೆ ಹೆಪ್ಪುಗಟ್ಟಿಸುವ ಚಳಿ, ಅದರಲ್ಲಿಟ್ಟರೆ ಹೂಳಿನ ಪದರಗಳೆಲ್ಲ ಒಡೆದುಹೋಗುತ್ತವೆ. ಆಸ್ಪತ್ರೆಯವರು ಔಷಧಿಯ ಪಕ್ಕ ಕೆಸರು ಇಡಲಾರೆವೆಂದು ನಯವಾಗಿ ಹೇಳಿದರು. ಅವರ ಮಾತೂ ನ್ಯಾಯವೇ. ಕೊನೆಗೆ ಕೈಕಾಲು ಆಡದೆ, ಊಟಕ್ಕೆ ಬರುವುದಿಲ್ಲ ಎಂದು ಹೇಳಲು ಮನೆಗೆ ಫೋನು ಮಾಡಿದಳು.

ಎತ್ತಿಕೊಂಡವರು ಅತ್ತೆ. ಟೆಲಿಫೋನ್ ಆಫೀಸಿನಲ್ಲಿ ಜೀವಮಾನವೆಲ್ಲ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತು ನಿವೃತ್ತರಾದವರು. ದನಿ ಕೇಳಿದರೆ ಮುಖ ಕಂಡಷ್ಟೇ ಅವರಿಗೆ. ಮಗ ಕೆಲಸದ ಮೇಲೆ ತಿಂಗಳುಗಟ್ಟಲೆ ಹೊರಗಿರುವವನಾದ್ದರಿಂದ ಮನೆಯಲ್ಲಿ ಇರುತ್ತಿದ್ದದ್ದು ಇವರಿಬ್ಬರೇ. ಜಗಳವಿರಲಿಲ್ಲ, ಹಾಗೆಂದು ಸಲಿಗೆಯೂ ಇರಲಿಲ್ಲ. ಸೊಸೆಯ ಬೂಟುಗಳನ್ನು ಕಂಡರೆ ಅತ್ತೆ ಮೂಗು ಮುರಿಯುತ್ತಿದ್ದರು, ಸೊಸೆ ಕಂಡೂ ಕಾಣದವಳಂತೆ ಇರುತ್ತಿದ್ದಳು.

“ಏನಾಯ್ತೇ?” ಎಂದರು ಅತ್ತೆ.

“ಏನಿಲ್ಲ ಅತ್ತೆ, ಊಟಕ್ಕೆ ಬರಲ್ಲ ಅಂತ ಹೇಳೋಣ ಅಂತ.”

“ಅದು ನಾಲಿಗೆ ಹೇಳ್ತಿದೆ. ಗಂಟಲು ಬೇರೇನೋ ಹೇಳ್ತಿದೆಯಲ್ಲ.”

ಹೇಳಿದಳು. ಅತ್ತೆ ಮಧ್ಯೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡರು. ಆಮೇಲೆ, “ನಮ್ಮ ಫ್ರಿಜ್ಜಲ್ಲಿ ಎಷ್ಟು ಹಿಡಿಯುತ್ತೆ?” ಎಂದರು.

“ಅತ್ತೆ, ಅದರಲ್ಲಿ ತರಕಾರಿ, ಹಾಲು...”

“ಹಾಲು ಕಾಯಿಸಿದರಾಯ್ತು. ತರಕಾರಿ ಬಾಡಿದರೆ ಬಾಡಲಿ. ಎಷ್ಟು ಹಿಡಿಯುತ್ತೆ ಹೇಳು.”

ಒಳಗಿನ ತಟ್ಟೆಗಳನ್ನೆಲ್ಲ ಕಿತ್ತರೆ ಎರಡು ನೆಟ್ಟಗೆ ನಿಲ್ಲಬಹುದು ಎಂದಳು. ಎರಡು ಕೊಳವೆಗಳನ್ನು ಮಗುವಿನಂತೆ ತಬ್ಬಿಕೊಂಡು ಆಟೋದಲ್ಲಿ ಮನೆ ಮುಟ್ಟುವಷ್ಟರಲ್ಲಿ ಫ್ರಿಜ್ಜು ಖಾಲಿಯಾಗಿ, ಒಳಗೆಲ್ಲ ಒರೆಸಿ ಫಳಫಳ ಎನ್ನುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೊತ್ತಂಬರಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಸಂತೆ ನೆರೆದಿತ್ತು. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದರು.

“ಇವನ್ನ ಇಟ್ಟು ಬಾ. ಉಳಿದ ಏಳಕ್ಕೆ ಜಾಗ ಕೇಳೋಣ.”

“ಎಲ್ಲಿ?”

“ಹೂವಿನವನ ಹತ್ತಿರ.”

ಅವಳಿಗೆ ನಂಬಿಕೆಯಾಗಲಿಲ್ಲ. ಬೀದಿಯ ತುದಿಯಲ್ಲಿದ್ದ ಸಗಟು ಹೂವಿನ ವ್ಯಾಪಾರಿಗೂ ಅತ್ತೆಗೂ ಮಾತು ನಿಂತು ವರ್ಷಗಳಾಗಿದ್ದವು. ಅವನ ವ್ಯಾನು ದಿನಾ ಇವರ ಗೇಟಿಗೆ ಅಡ್ಡ ನಿಲ್ಲುತ್ತದೆಂದು ಶುರುವಾದ ಜಗಳ ಗಿರಾಕಿಗಳೆದುರೇ ಏರಿ, “ಬಾಡಿದ ಹೂ ಮಾರೋನಿಗೆ ಇಷ್ಟು ಜಂಬ ಬೇರೆ!” ಎಂದು ಅತ್ತೆ ಹೇಳುವಲ್ಲಿಗೆ ಮುಟ್ಟಿತ್ತು. ಅಂದಿನಿಂದ ಅವರು ಆ ಅಂಗಡಿಯ ಮುಂದೆ ಹಾಯುವಾಗ ಆಕಾಶ ನೋಡಿಕೊಂಡು ಹೋಗುತ್ತಿದ್ದರು.

“ಅತ್ತೆ, ನೀವು ಬರೋದು ಬೇಡ. ನಾನೇ ಕೇಳ್ತೀನಿ.”

“ನಿನಗೆ ಕೇಳೋಕೆ ಬರಲ್ಲ ಕಣೇ. ‘ತೊಂದರೆ ಇಲ್ಲಾಂದ್ರೆ’ ಅಂತ ಶುರು ಮಾಡ್ತೀಯ. ಹಾಗಂದ್ರೆ ಎಲ್ಲರಿಗೂ ತೊಂದರೆ ನೆನಪಾಗುತ್ತೆ.”

ವ್ಯಾಪಾರಿ ಬಕೆಟ್ಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಗುಲಾಬಿಯ ದಂಟು ಕತ್ತರಿಸುತ್ತಿದ್ದ. ಅತ್ತೆಯನ್ನು ಕಂಡು ಎದ್ದು ನಿಂತ. ಕೈಯಲ್ಲಿದ್ದ ಕತ್ತರಿಯನ್ನು, ಏನು ಗ್ರಹಚಾರವೋ ಎಂಬಂತೆ, ಹಿಂದಕ್ಕೆ ಹಿಡಿದುಕೊಂಡ.

“ನೋಡಪ್ಪಾ,” ಎಂದರು ಅತ್ತೆ, “ನಾನು ನಿನ್ನ ಹತ್ತಿರ ಮಾತಾಡಲ್ಲ ಅಂತ ಹೇಳಿದ್ದೆ. ಇವತ್ತು ಮಾತಾಡೋಕೆ ಬಂದಿದೀನಿ. ಅವತ್ತು ನಾನು ಆಡಿದ್ದು ಜಾಸ್ತಿ ಆಯ್ತು.”

ಅವನು ನಕ್ಕುಬಿಟ್ಟ. “ಅಮ್ಮಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬೈದ ದಿನ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಹೂ ನಿಜವಾಗ್ಲೂ ಬಾಡಿತ್ತು. ಅದಾದ ಮೇಲೇನೇ ಹಿಂದುಗಡೆ ಕೋಲ್ಡ್ ರೂಮ್ ಹಾಕಿಸಿದ್ದು. ನನ್ನ ವ್ಯಾಪಾರ ಕುದುರಿದ್ದೇ ಅದರಿಂದ. ಹೇಳಬೇಕು ಅಂದ್ರೆ ನೀವು ಮುಖ ತಿರುಗಿಸ್ಕೊಂಡು ಹೋಗ್ತೀರಿ.”

ಅತ್ತೆ ಬಕೆಟ್ಟಿನಿಂದ ಒಂದು ಗುಲಾಬಿ ಎತ್ತಿ, ತಿರುಗಿಸಿ ನೋಡಿ, ಮತ್ತೆ ಇಟ್ಟರು. ಸೊಸೆಯೇ ಮುಂದೆ ಬಂದು ವಿಷಯ ಹೇಳಿದಳು. ಎಷ್ಟು ಚಳಿ ಬೇಕು ಎಂದು ಅವನು ಕೇಳಿದ. ನಾಲ್ಕು ಡಿಗ್ರಿ ಎಂದಳು. “ಹೂವಿಗೂ ಅಷ್ಟೇ,” ಎಂದ.

ಏಳು ಕೊಳವೆಗಳೂ ಅದೇ ಹೂವಿನ ವ್ಯಾನಿನಲ್ಲಿ ಬಂದವು. ಒಂದೊಂದು ಬಕೆಟ್ಟಿನಲ್ಲಿ ಒಂದೊಂದು ಕೊಳವೆ, ಸುತ್ತ ಒದ್ದೆ ಗೋಣಿಚೀಲ. ಹಿಂದೆ ಅತ್ತೆ ಎರಡನ್ನು ಹಿಡಿದುಕೊಂಡು ಕೂತರು, ಅವಳು ಉಳಿದವಕ್ಕೆ ಕಾವಲು ಕೂತಳು. ಗುಂಡಿ ಬಂದಾಗಲೆಲ್ಲ ವ್ಯಾಪಾರಿ, “ಹುಷಾರು, ಗುಂಡಿ ಬಂತು!” ಎಂದು ಮುಂದಿನಿಂದ ಕೂಗಿ ಬಸುರಿಯನ್ನು ಕರೆದೊಯ್ಯುವವನಂತೆ ವ್ಯಾನು ಹೊಡೆದ. ಸಂಜೆಯ ಹೊತ್ತಿಗೆ ಕೊಳವೆಗಳು ಲಿಲ್ಲಿ, ಗುಲಾಬಿಗಳ ನಡುವೆ, ಬೀಗರ ಮನೆಗೆ ಬಂದ ಬಡ ನೆಂಟರಂತೆ ಒತ್ತಿಕೊಂಡು ನಿಂತಿದ್ದವು.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಫೋನು ಬಂತು. “ಮೇಡಂ, ಒಂಚೂರು ಬಂದು ಹೋಗ್ತೀರಾ? ವಾಸನೆ ಬರ್ತಿದೆ.”

ಅವಳು ಓಡಿದಳು. ಒಂದು ಕೊಳವೆಯ ಮುಚ್ಚಳ ಸಡಿಲವಾಗಿ, ಉಸಿರುಗಟ್ಟಿದ ಹೂಳಿಗೇ ಸಹಜವಾದ ಕೊಳೆತ ಮೊಟ್ಟೆಯ ನಾತ ಕೋಣೆಯ ತುಂಬ ಹರಡಿತ್ತು. ಇನ್ನು ಇವನು ಎಲ್ಲವನ್ನೂ ಬೀದಿಗೆ ಇಡುತ್ತಾನೆ, ಇಟ್ಟರೂ ತಪ್ಪೆನ್ನುವಂತಿಲ್ಲ ಎಂದುಕೊಳ್ಳುತ್ತಲೇ ಅಂಗಡಿ ಮುಟ್ಟಿದಳು. ಬೀದಿಗೆ ಬಂದದ್ದು ಲಿಲ್ಲಿ ಹೂಗಳು. ಬಿಳಿಯ ಹೂವಿನ ಬಕೆಟ್ಟುಗಳು ಸಾಲಾಗಿ ಅಂಗಡಿಯ ಮುಂದಿನ ನೆರಳಲ್ಲಿ ನಿಂತಿದ್ದವು, ವ್ಯಾಪಾರಿ ಹೋಗುವವರನ್ನೆಲ್ಲ ಕರೆದು ಅಗ್ಗಕ್ಕೆ ಕೊಡುತ್ತಿದ್ದ.

“ಅಯ್ಯೋ, ಇವನ್ನ ಯಾಕೆ ಹೊರಗಿಟ್ರಿ?”

“ಲಿಲ್ಲಿ ಬೇಗ ನಾತ ಹಿಡ್ಕೊಳ್ಳುತ್ತೆ ಮೇಡಂ. ಗುಲಾಬಿ ಪರವಾಗಿಲ್ಲ, ಅದಕ್ಕೆ ಸೊಕ್ಕು ಜಾಸ್ತಿ.”

“ನನ್ನ ಕೊಳವೆ ಹೊರಗಿಡಬೇಕಿತ್ತು. ನಿಮಗೆ ಎಷ್ಟು ನಷ್ಟ...”

“ಲಿಲ್ಲಿ ನಾಳೆ ಬೇರೆ ಲೋಡು ಬರುತ್ತೆ. ನಿಮ್ಮದು ಮುಂದಿನ ವರ್ಷ ಅಂತ ಅಮ್ಮ ಹೇಳಿದ್ರು.” ಅವನು ಒಂದು ಕಟ್ಟಿನ ನೀರು ಕೊಡವುತ್ತ ಹೇಳಿದ, “ನಮ್ಮ ಮನೇಲೂ ಅದೇ ನಲ್ಲಿ ನೀರು ತಾನೆ ಕುಡಿಯೋದು? ನೀವು ಮುಚ್ಚಳ ಭದ್ರ ಮಾಡಿ, ಸಾಕು.”

ಅವಳು ಒಳಗೆ ಹೋಗಿ ಮುಚ್ಚಳವನ್ನು ತಿರುಗಿಸಿ, ಮೇಲೆ ಟೇಪು ಸುತ್ತಿ, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೇಲಿನ ನೀರು ತಿಳಿಯಾಗಿಯೇ ಇತ್ತು, ಪದರಗಳು ಕದಡಿರಲಿಲ್ಲ. ಆ ಚಳಿಯಲ್ಲಿ, ಹೂವಿನ ಕಂಪು ಮತ್ತು ಕೆಸರಿನ ನಾತ ಎರಡೂ ಬೆರೆತ ಗಾಳಿಯಲ್ಲಿ ನಿಂತು ಅವಳಿಗೆ ಅಳು ಬಂತು. ಸಂಕಟದ ಅಳುವಲ್ಲ ಅದು. ಕೇಳುವುದೆಂದರೆ ಸಣ್ಣವಳಾಗುವುದು ಎಂದು ಎಂದಿನಿಂದಲೋ ನಂಬಿಕೊಂಡು, ಎಲ್ಲವನ್ನೂ ಹಲ್ಲು ಕಚ್ಚಿ ಒಬ್ಬಳೇ ಹೊತ್ತು ಬಂದವಳು ಅವಳು. ಈಗ ಆ ಬಿಗಿ ಎಲ್ಲೋ ಸಡಿಲವಾದಂತಾಯಿತು.

ಪೆಟ್ಟಿಗೆ ಸಿಕ್ಕ ದಿನ ಒಂಬತ್ತೂ ಕೊಳವೆಗಳು ಅಲುಗದೆ ಪ್ರಯೋಗಾಲಯ ಸೇರಿದವು. ರಬ್ಬರಿನ ಕೈಗವಸುಗಳೊಳಗೆ ತೋಳು ತೂರಿಸಿ, ಗಾಳಿಯಿಲ್ಲದ ಆ ಪೆಟ್ಟಿಗೆಯೊಳಗೆ ಹೂಳನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದಳು. ವಾರಗಳ ನಂತರ ಫಲಿತಾಂಶ ಬಂದಾಗ ಸಂಶಯಕ್ಕೆ ಎಡೆಯೇ ಇರಲಿಲ್ಲ. ಕರಗಿದ ಕಬ್ಬಿಣ ಎಲ್ಲಿ ಏರಿತ್ತೋ ಪಾಷಾಣವೂ ಅಲ್ಲೇ ಏರಿತ್ತು, ಎರಡೂ ಹೂಳಿನಿಂದ ಮೇಲಿನ ನೀರಿಗೆ ಹೊರಟಿದ್ದವು. ಕಾರ್ಖಾನೆಯದೂ ತಪ್ಪಲ್ಲ, ಹೊಲದವರದೂ ಅಲ್ಲ. ಊರಿಗೆ ನೀರೆಳೆಯುವ ಪೈಪು ಕೆರೆಯ ತಳಕ್ಕೆ ತೀರ ಹತ್ತಿರದಲ್ಲಿತ್ತು, ಅಷ್ಟೇ.

ನೀರು ಸರಬರಾಜಿನ ಇಂಜಿನಿಯರು ವರದಿಯನ್ನು ಓದಿ, ಮತ್ತೊಮ್ಮೆ ಓದಿ, “ಪೈಪನ್ನ ಮೇಲಕ್ಕೆ ಎತ್ತಿದರೆ ಸಾಕಾ? ಇಷ್ಟೇನಾ?” ಎಂದರು. ಬೇಸಿಗೆಯ ತಿಂಗಳುಗಳಲ್ಲಿ ಮೇಲಿನ ನೀರನ್ನೇ ಎಳೆದರೆ ಸಾಕು ಎಂದಳು. ಚಳಿಗಾಲ ಮುಗಿಯುವುದರೊಳಗೆ ಅವರು ಪೈಪು ಎತ್ತಿಸಿದರು. ಮರುವರ್ಷದ ಬೇಸಿಗೆಯ ಕೊನೆಗೆ ಊರಿನ ನಲ್ಲಿಗಳ ನೀರಿನಲ್ಲಿ ಪಾಷಾಣದ ಅಂಶ, ಅವಳಿಗೆ ತಿಳಿದ ಮಟ್ಟಿಗೆ ಮೊದಲ ಸಲ, ಮಿತಿಯ ಒಳಗಿತ್ತು.

ಇದರ ಬಗ್ಗೆ ವಿಜ್ಞಾನ ಪತ್ರಿಕೆಗೆ ಬರೆದ ಪ್ರಬಂಧದ ಕೊನೆಯಲ್ಲಿ ನೆರವಾದವರನ್ನು ನೆನೆಯುವ ಜಾಗದಲ್ಲಿ ಅವಳು ಹೂವಿನ ವ್ಯಾಪಾರಿಯನ್ನೂ ಅತ್ತೆಯನ್ನೂ ಸೇರಿಸಿದಳು. ಸಂಪಾದಕರು, ಇವರು ಸಂಶೋಧನೆಯಲ್ಲಿ ಯಾವ ಕೆಲಸ ಮಾಡಿದರು ಎಂದು ಕೇಳಿ ಬರೆದರು. “ಹೂಳನ್ನು ಉಳಿಸಿದರು” ಎಂದು ಉತ್ತರಿಸಿದಳು. ಅವರು ಹಾಗೆಯೇ ಅಚ್ಚು ಹಾಕಿದರು.

ಆ ಬೇಸಿಗೆ ಮತ್ತೆ ಹೂಳು ತೆಗೆಯಲು ಹೊರಟಾಗ ಅತ್ತೆ ತಾವೂ ಬರುತ್ತೇನೆಂದರು. ಕಿತ್ತಳೆ ಬಣ್ಣದ ತೇಲುವ ಜಾಕೀಟು ಕಟ್ಟಿಸಿಕೊಂಡು, “ಇದೊಳ್ಳೆ ಗುಬ್ಬಚ್ಚಿ ಉಬ್ಬಿಕೊಂಡ ಹಾಗಾಯ್ತು,” ಎಂದು ಗೊಣಗುತ್ತಲೇ ದೋಣಿ ಹತ್ತಿದರು. ನಡುಗೆರೆಯಲ್ಲಿ ಅವಳು ಹಗ್ಗ ಎಳೆದು ಮೊದಲ ಕೊಳವೆಯನ್ನು ಮೇಲೆತ್ತಿ, ಒರೆಸಿ, ಅತ್ತೆಯ ಮುಂದೆ ಹಿಡಿದಳು. ಮೇಲಿನದು ಕಪ್ಪು, ಕೆಳಗೆ ಬೂದು, ತೀರ ಕೆಳಗೊಂದು ಬೆರಳಗಲದ ಮರಳಿನ ಪಟ್ಟಿ.

“ಕೆಳಗಿಂದು ಯಾವ ಕಾಲದ್ದೇ?”

“ಮೂವತ್ತೈದು, ನಲವತ್ತು ವರ್ಷ ಹಿಂದಿಂದು ಇರಬಹುದು ಅತ್ತೆ. ದೊಡ್ಡ ನೆರೆ ಬಂದಾಗ ಮರಳು ಹೀಗೆ ಕೂರುತ್ತೆ.”

“ಬಂದಿತ್ತು,” ಎಂದರು ಅತ್ತೆ. “ನನ್ನ ಮದುವೆಯಾದ ವರ್ಷ. ತಂತಿಯೆಲ್ಲ ಕಿತ್ತುಹೋಗಿ ಎಲ್ಲರೂ ಆಫೀಸಲ್ಲೇ ಉಳಿದಿದ್ವಿ. ನಿಮ್ಮ ಮಾವ ಎದೆಮಟ್ಟ ನೀರಲ್ಲಿ ಊಟದ ಡಬ್ಬಿ ತಲೆ ಮೇಲೆ ಹೊತ್ಕೊಂಡು ಬಂದಿದ್ರು.”

ಅವರು ಕೈ ಚಾಚಿ ಕೊಳವೆಯ ಹೊರಗಿನಿಂದಲೇ ಆ ಮರಳಿನ ಪಟ್ಟಿಯನ್ನು ಬೆರಳಿಂದ ಮುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ನೀರಿನ ಮೇಲೆ ಬಿಸಿಲು ಹರಡಿತ್ತು, ದೋಣಿ ಸಣ್ಣಗೆ ಹೊಯ್ದಾಡುತ್ತಿತ್ತು.

“ಅತ್ತೆ,” ಎಂದಳು ಅವಳು, “ನೀವು ಇಲ್ಲದಿದ್ದರೆ ನಾನು ಆವತ್ತು...”

“ಮಾತು ಆಮೇಲೆ. ಮೊದಲು ಅದನ್ನ ನೆಟ್ಟಗೆ ಹಿಡ್ಕೋ,” ಎಂದರು ಅತ್ತೆ. ಎರಡೂ ಕೈಗಳಿಂದ ತಾವೂ ಕೊಳವೆಯನ್ನು ಹಿಡಿದುಕೊಂಡರು.